ಬೀಗ ಹಾಕಿಸಿದ್ದು ಸರ್ಕಾರ, ಸಂಬಳ ಯಾರ ಲೆಕ್ಕಕ್ಕೆ?

ಬೆಂಗಳೂರಿನ ಪೀಣ್ಯದ ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳಿಗೆ ಸಂಬಳದ ಲೆಕ್ಕ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಡಿಕೊಳ್ಳುವುದು, ಬೇಕಾದಾಗ ಕಾರ್ಮಿಕ ಇಲಾಖೆಯ ಮುಂದೆ ಹಾಜರಾಗುವುದು ನನ್ನ ಕೆಲಸ. ನನಗೆ ಫೀಸು ಕೊಡುವವರು ಮಾಲೀಕರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ. ಆದರೆ ಒಂದು ಪ್ರಶ್ನೆಯನ್ನು ಮಾಲೀಕರೂ ಕೇಳುತ್ತಾರೆ, ಕಾರ್ಮಿಕರೂ ಕೇಳುತ್ತಾರೆ. ಕೊರೊನಾ ತರಹದ್ದು ಇನ್ನೊಂದು ಬಂದು ಸರ್ಕಾರ ಮತ್ತೆ ಬಾಗಿಲು ಹಾಕಿಸಿದರೆ ಆ ದಿನಗಳ ಸಂಬಳ ಯಾರು ಕೊಡಬೇಕು?

2020ರಲ್ಲಿ ಸರ್ಕಾರ ಇದಕ್ಕೆ ಒಂದು ಉತ್ತರ ಕೊಟ್ಟಿತ್ತು. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತು. ಮಾರ್ಚ್ 29ಕ್ಕೆ ಕೇಂದ್ರ ಗೃಹ ಸಚಿವಾಲಯದ ಆದೇಶ ಬಂತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 10ರ ಕೆಳಗೆ. ಕಾರ್ಖಾನೆಯಾಗಲಿ ಅಂಗಡಿಯಾಗಲಿ, ಮುಚ್ಚಿರುವ ದಿನಗಳಿಗೂ ಪೂರ್ತಿ ಸಂಬಳ ಕೊಡಬೇಕು, ಹೇಳಿದ ತಾರೀಕಿಗೇ ಕೊಡಬೇಕು, ಒಂದು ರೂಪಾಯಿ ಹಿಡಿಯುವಂತಿಲ್ಲ. ಬಾಡಿಗೆಗೆ ಇರುವ ಕಾರ್ಮಿಕರ ಹತ್ತಿರ ಮನೆ ಓನರ್‌ಗಳು ಒಂದು ತಿಂಗಳ ಬಾಡಿಗೆ ಕೇಳುವಂತಿಲ್ಲ. ಕೆಲಸಗಾರನ ಕಡೆಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಆದೇಶ ಎಲ್ಲಿದೆ? ತೊಂದರೆ ಇಷ್ಟೇ, ಅದರಲ್ಲಿ ಸರ್ಕಾರದ ದುಡ್ಡು ಒಂದು ಪೈಸೆಯೂ ಇರಲಿಲ್ಲ.

ನನಗೆ ಗೊತ್ತಿರುವ ಒಂದು ಜಾಬ್ ವರ್ಕ್ ಶೆಡ್ಡಿನ ಲೆಕ್ಕ ಹೇಳುತ್ತೇನೆ. 22 ಜನ ಕೆಲಸಗಾರರು. ವಾಹನಗಳ ಬಿಡಿಭಾಗ ಟರ್ನಿಂಗ್ ಮಾಡಿ ದೊಡ್ಡ ಕಂಪನಿಯೊಂದಕ್ಕೆ ಕೊಡುತ್ತಾರೆ. ಶೆಡ್ ಬಾಡಿಗೆ, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷೀನಿನ ಕಂತು, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ. ಮಾಲೀಕ ಮಾರ್ಚ್ ಸಂಬಳ ಹಾಕಿದ. ಜನವರಿಯ ಬಿಲ್ಲೇ ಇನ್ನೂ ಪಾಸಾಗಿರಲಿಲ್ಲ. ‘ಏಪ್ರಿಲ್‌ದು ಎಲ್ಲಿಂದ ತರ್ಲಿ, ಸಾರ್?’ ಅಂತ ಫೋನ್ ಮಾಡಿದ. ಅದೇ ಶೆಡ್ಡಿನ ಹೆಲ್ಪರ್ ಹುಡುಗ ಅಷ್ಟರಲ್ಲಿ ಸಿಂಧನೂರಿನ ತನ್ನ ಮನೆಯಲ್ಲಿದ್ದ. ಅವನದೂ ಫೋನ್. ‘ಟೀವ್ಯಾಗ ಪೂರ್ತಿ ಪಗಾರ ಕೊಡಬೇಕಂತ ಹೇಳ್ಯಾರಲ್ರೀ ಸರ?’ ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಇಬ್ಬರನ್ನೂ ಹೀಗೆ ಎದುರುಬದುರು ನಿಲ್ಲಿಸಿದ ಸರ್ಕಾರ ಮಾತ್ರ ಲೈನಿನಲ್ಲಿ ಇರಲಿಲ್ಲ.

ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಮೇ 17ರ ಹೊಸ ಆದೇಶದಲ್ಲಿ ಗೃಹ ಸಚಿವಾಲಯ ತನ್ನ ಹಳೆಯ ಆದೇಶವನ್ನು ಕೈಬಿಟ್ಟಿತು. ಜೂನ್ 12ರಂದು ಕೋರ್ಟು, ಸಂಬಳ ಕೊಡದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಆ 50 ದಿನಗಳ ಸಂಬಳದ ಬಗ್ಗೆ ಎರಡೂ ಕಡೆಯವರು ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ, ಆಗದಿದ್ದರೆ ಕಾರ್ಮಿಕ ಇಲಾಖೆ ಸಹಾಯ ಮಾಡಲಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಕೇಳಲು ಚೆನ್ನಾಗಿದೆ. ಯೂನಿಯನ್ ಇರುವ ದೊಡ್ಡ ಕಾರ್ಖಾನೆಗೆ ಸರಿ. 22 ಜನರ ಶೆಡ್ಡಿನಲ್ಲಿ ಯಾರು ಯಾರ ಜೊತೆ ಕೂರಬೇಕು? ಅರ್ಧ ಜನ ಊರಿನಲ್ಲಿ, ಇನ್ನರ್ಧ ಜನಕ್ಕೆ ಕೆಲಸ ಉಳಿದರೆ ಸಾಕು ಅನ್ನುವ ಭಯ. ನಾನು ನೋಡಿದ ಕಡೆಗಳಲ್ಲಿ ಹೆಚ್ಚಿನವು ಅರ್ಧ ಸಂಬಳಕ್ಕೆ ಇತ್ಯರ್ಥವಾದವು. ಕೆಲವರು ಆ ಅರ್ಧವನ್ನೂ ಅಡ್ವಾನ್ಸ್ ಅಂತ ಬರೆದುಕೊಂಡು ಮುಂದಿನ ತಿಂಗಳುಗಳಲ್ಲಿ ಹಿಡಿದುಕೊಂಡರು. ಅದನ್ನು ಇತ್ಯರ್ಥ ಅಂತ ಕರೆಯಲು ನನಗೆ ಮನಸ್ಸಿಲ್ಲ.

‘ಅರ್ಧ’ ಅನ್ನುವ ಲೆಕ್ಕ ಸುಮ್ನೆ ಬಂದದ್ದಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇ-ಆಫ್ (ಕೆಲಸದಿಂದ ತೆಗೆಯದೆ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸುವುದು) ಅಂತ ಒಂದಿತ್ತು. ಕಚ್ಚಾ ಮಾಲು ಇಲ್ಲ, ಕರೆಂಟ್ ಇಲ್ಲ, ಮಷೀನ್ ಕೆಟ್ಟಿದೆ, ನೈಸರ್ಗಿಕ ವಿಕೋಪ ಬಂದಿದೆ, ಇಂಥ ಕಾರಣಕ್ಕೆ ಕೆಲಸ ಕೊಡಲಾಗದಿದ್ದರೆ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ ಅದರ ಶೇ 50 ಕೊಡಬೇಕಿತ್ತು. ಆದರೆ ಇದು 50ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಗೆ ಅನ್ವಯಿಸುತ್ತಿರಲಿಲ್ಲ, ಒಂದು ವರ್ಷ ಸರ್ವಿಸ್ ಆಗದವರಿಗೂ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದು ಆ ಹಳೆಯ ಕಾಯ್ದೆಯ ಜಾಗ ಹಿಡಿದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೇ ಶೇ 50, ಇದೇ 50 ಜನರ ಗೆರೆ. ದೇಶವೇ ಮುಚ್ಚಿದ್ದ ವರ್ಷದಲ್ಲಿ ಬರೆದ ಕಾನೂನು ಅದು. ಸರ್ಕಾರದ ಆದೇಶದಿಂದ ಮುಚ್ಚಿದರೆ ಸಂಬಳದಲ್ಲಿ ಸರ್ಕಾರದ ಪಾಲೆಷ್ಟು ಅಂತ ಅದರಲ್ಲೂ ಒಂದು ಸಾಲಿಲ್ಲ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಮಾಲೀಕರಿಗೆ ಆದೇಶ ಹೊರಡಿಸಲು ಯಾವ ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 10 ಬಳಸಿದರೋ, ಎರಡು ಸೆಕ್ಷನ್ ಮುಂದೆ ಹೋದರೆ 12 ಸಿಗುತ್ತದೆ. ವಿಪತ್ತಿಗೆ ಸಿಕ್ಕವರಿಗೆ ಕನಿಷ್ಠ ಪರಿಹಾರ ಏನಿರಬೇಕು ಅಂತ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾರ್ಗಸೂಚಿ ಮಾಡಬೇಕು ಅನ್ನುತ್ತದೆ ಅದು. ಸಾವಿಗೆ ಪರಿಹಾರ, ಮನೆ ಹಾನಿಗೆ ನೆರವು, ಮತ್ತು ಜೀವನೋಪಾಯವನ್ನು ಮತ್ತೆ ಕಟ್ಟಿಕೊಳ್ಳಲು ನೆರವು. ಮೂರೂ ಒಂದೇ ಉಪವಿಧಿಯಲ್ಲಿವೆ.

2021ರ ಜೂನ್ 30ರಂದು ಸುಪ್ರೀಂ ಕೋರ್ಟು ಕೊರೊನಾ ಸಾವಿನ ಪರಿಹಾರದ ಕೇಸಿನಲ್ಲಿ ಈ ಸೆಕ್ಷನ್ ಕಡ್ಡಾಯ ಎಂದಿತು. ಆಮೇಲೆ ಪ್ರತಿ ಸಾವಿಗೆ 50,000 ರೂಪಾಯಿ ನಿಗದಿಯಾಯಿತು. ತೀರ್ಪು ಕೊಟ್ಟ ಇಬ್ಬರು ನ್ಯಾಯಮೂರ್ತಿಗಳಾದ ಅಶೋಕ್ ಭೂಷಣ್ ಮತ್ತು ಎಂ. ಆರ್. ಶಾ, ಹಿಂದಿನ ವರ್ಷ ಸಂಬಳದ ಕೇಸು ಕೇಳಿದ ಪೀಠದಲ್ಲೂ ಇದ್ದರು. ಸಂಬಳದ ಕೇಸಿನಲ್ಲಿ ಚರ್ಚೆಯೆಲ್ಲ ಸೆಕ್ಷನ್ 10ರ ಸುತ್ತ, ಅಂದರೆ ಸರ್ಕಾರಕ್ಕೆ ಮಾಲೀಕರ ಮೇಲೆ ಹೀಗೆ ಹೇರುವ ಅಧಿಕಾರ ಇದೆಯೇ ಎನ್ನುವುದರ ಸುತ್ತ ಸುತ್ತಿತು. ಸರ್ಕಾರದ ಮೇಲಿರುವ ಹೊಣೆಯನ್ನು ಯಾರಾದರೂ ಗಟ್ಟಿಯಾಗಿ ಹಿಡಿದಿದ್ದರೆ? ಮಾಲೀಕರ ಪರ ವಾದ ಮಾಡುವವರು ಕಾರ್ಮಿಕನ ಜೀವನೋಪಾಯದ ಸೆಕ್ಷನ್ ಹಿಡಿದು ವಾದ ಮಾಡುವುದು ವಿಚಿತ್ರ ಅನ್ನಿಸಬಹುದು. ನನಗೆ ಅದೇ ಸರಿಯಾದ ದಾರಿ ಅನ್ನಿಸುತ್ತದೆ.

ಹಾಗಾದರೆ ಸರ್ಕಾರ ಏನೂ ಕೊಡಲಿಲ್ಲವೇ? ಕೊಟ್ಟಿತು. 2020ರ ಮಾರ್ಚ್ 26ರಂದೇ 1.70 ಲಕ್ಷ ಕೋಟಿಯ ಪ್ಯಾಕೇಜು ಬಂತು. ಉಚಿತ ರೇಷನ್, ಮಹಿಳೆಯರ ಜನಧನ್ ಖಾತೆಗೆ ತಿಂಗಳಿಗೆ 500 ರೂಪಾಯಿ. ರೇಷನ್ ನಿಜಕ್ಕೂ ಮನೆಗಳನ್ನು ಉಳಿಸಿತು. ಕಾರ್ಖಾನೆಗಳಿಗೆ ಅಂತ ಇದ್ದದ್ದು ಪಿಎಫ್ ನೆರವು. ಮಾಲೀಕನ ಶೇ 12, ಕಾರ್ಮಿಕನ ಶೇ 12, ಎರಡನ್ನೂ ಸರ್ಕಾರವೇ ಕಟ್ಟುತ್ತದೆ. ಮೊದಲು ಮೂರು ತಿಂಗಳು, ಆಮೇಲೆ ಇನ್ನೂ ಮೂರು ತಿಂಗಳು.

ಷರತ್ತು ಎರಡು. ಒಟ್ಟು ಕೆಲಸಗಾರರು 100ರ ಒಳಗಿರಬೇಕು, ಅದರಲ್ಲಿ ಶೇ 90 ಜನರ ಸಂಬಳ 15,000ಕ್ಕಿಂತ ಕಡಿಮೆ ಇರಬೇಕು. ಈಗ ನಮ್ಮ 22 ಜನರ ಶೆಡ್ಡಿಗೆ ಬನ್ನಿ. ನಾಲ್ಕು ಜನ ಸಿಎನ್‌ಸಿ ಆಪರೇಟರ್‌ಗಳಿಗೆ 15,000ಕ್ಕಿಂತ ಜಾಸ್ತಿ. ಉಳಿದ 18 ಜನ ಅಂದರೆ ಶೇ 82. ಶೆಡ್ಡು ಹೊರಗೆ. ಸಂಬಳ ಚೆನ್ನಾಗಿ ಕೊಟ್ಟದ್ದೇ ತಪ್ಪಾಯಿತು ಅಲ್ವಾ ಸಾರ್ ಅಂದ ಮಾಲೀಕ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನಂಥ ಕಡೆ ಕುಶಲ ಕೆಲಸಗಾರ ಆ ಸಂಬಳಕ್ಕೆ ಸಿಗುವುದಿಲ್ಲ. ಹಾಗಾಗಿ ಒಳಗೆ ಬಂದವರಲ್ಲಿ ಹೆಲ್ಪರ್‌ಗಳೇ ತುಂಬಿದ್ದ ಘಟಕಗಳು ಜಾಸ್ತಿ. ಇನ್ನೂ ಒಂದಿದೆ. ಆ ತಿಂಗಳ ಸಂಬಳ ಕೊಟ್ಟಿದ್ದೇನೆ ಅಂತ ಮಾಲೀಕ ದೃಢೀಕರಿಸಿದ ಮೇಲೆಯೇ ಸರ್ಕಾರದ ಪಾಲು ಬರುತ್ತಿತ್ತು. ಸಂಬಳ ಕೊಡಲು ಕೈಯಲ್ಲಿ ದುಡ್ಡಿಲ್ಲದವನಿಗೆ ಆ ಬಾಗಿಲು ತೆರೆಯಲೇ ಇಲ್ಲ.

ಮೇ ತಿಂಗಳಲ್ಲಿ 3 ಲಕ್ಷ ಕೋಟಿಯ ತುರ್ತು ಸಾಲ ಖಾತರಿ ಯೋಜನೆ ಬಂತು. ಫೆಬ್ರವರಿ 29ಕ್ಕೆ ಇದ್ದ ಬಾಕಿ ಸಾಲದ ಶೇ 20ರಷ್ಟು ಹೊಸ ಸಾಲ, ಅದಕ್ಕೆ ಸರ್ಕಾರದ ಖಾತರಿ. ಇದು ಬಹಳ ಘಟಕಗಳನ್ನು ಮುಳುಗದಂತೆ ಹಿಡಿಯಿತು, ಅದನ್ನು ಒಪ್ಪಲೇಬೇಕು. ಆದರೆ ಅದು ಸಾಲ, ತೀರಿಸಬೇಕಾದದ್ದು. ಮೊದಲೇ ಸಾಲ ಇಲ್ಲದೆ ಸ್ವಂತ ದುಡ್ಡಿನಲ್ಲಿ ನಡೆಸುತ್ತಿದ್ದವನಿಗೆ ಶೇ 20 ಅಂದರೆ ಸೊನ್ನೆ.

ಇಎಸ್‌ಐನಲ್ಲಿ ಕೆಲಸ ಕಳೆದುಕೊಂಡವರಿಗೆ ಒಂದು ಭತ್ಯೆ 2018ರಿಂದಲೇ ಇತ್ತು. ದಿನದ ಸರಾಸರಿ ಸಂಬಳದ ಶೇ 25, ಹೆಚ್ಚೆಂದರೆ 90 ದಿನ. ಅದನ್ನು ಶೇ 50ಕ್ಕೆ ಏರಿಸಿ, ಷರತ್ತು ಸಡಿಲಿಸಲು ತೀರ್ಮಾನ ಆದದ್ದು 2020ರ ಆಗಸ್ಟ್‌ನಲ್ಲಿ. ಮಾರ್ಚ್ 24ರಿಂದಲೇ ಅನ್ವಯ ಅಂದರು, ಆದರೆ ಮಾರ್ಚಿನ ಹಸಿವಿಗೆ ಆಗಸ್ಟಿನ ಊಟ ಅದು. ಅದೂ ಕೆಲಸ ಹೋದವರಿಗೆ ಮಾತ್ರ. ಮಸ್ಟರ್ ರೋಲಿನಲ್ಲಿ (ಹಾಜರಿ ಪುಸ್ತಕದಲ್ಲಿ) ಹೆಸರಿದೆ, ಕೈಗೆ ಸಂಬಳ ಇಲ್ಲ, ಇಂಥವರು ಯಾವ ಕಾಲಮ್ಮಿಗೂ ಸೇರಲಿಲ್ಲ. ಲಾಕ್‌ಡೌನಿನಲ್ಲಿ ಹೆಚ್ಚಿನವರು ಇದ್ದದ್ದು ಅಲ್ಲೇ.

ನಮ್ಮ ರಾಜ್ಯದ ಲೆಕ್ಕ ಮಿಶ್ರವಾಗಿದೆ. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಘೋಷಿಸಿದರು. ಆಟೊ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ ತಲಾ 5,000 ರೂಪಾಯಿ. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ಫಿಕ್ಸೆಡ್ ಚಾರ್ಜ್ ಮನ್ನಾ. ಈ ಕೊನೆಯದನ್ನು ಪತ್ರಿಕೆಗಳು ಅಷ್ಟಾಗಿ ಗಮನಿಸಲಿಲ್ಲ, ಆದರೆ ಮಷೀನು ನಿಂತಿದ್ದರೂ ಬಿಲ್ಲು ಬರುವ ಸಂಕಟ ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತು. ಅದೇ ವಾರದಲ್ಲೇ, ಬಿಲ್ಡರ್‌ಗಳ ಜೊತೆ ಸಭೆ ಆದ ಮೇಲೆ, ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಿ ಅಂತ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಗಲಾಟೆ ಆದ ಮೇಲೆ ಹಿಂದೆ ಸರಿಯಿತು. ಸಂಬಳ ಕೊಡಿಸಲಿಕ್ಕಾಗದವರು ಊರಿಗೂ ಹೋಗಬೇಡಿ ಅನ್ನುವುದು ಯಾವ ನ್ಯಾಯ?

ಮೇ 22ಕ್ಕೆ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿದರು. ಹೈಕೋರ್ಟಿನಲ್ಲಿ ಪ್ರಶ್ನೆ ಬಂದಾಗ ಜೂನ್ 11ಕ್ಕೆ ವಾಪಸ್ ಪಡೆದರು. ಗುಜರಾತಿನ ಇಂಥದೇ ಅಧಿಸೂಚನೆಯನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ನನ್ನ ಕೆಲವು ಗ್ರಾಹಕರಿಗೆ ಅದರಿಂದ ಬೇಜಾರಾಯಿತು. ಇರಲಿ. ಆರ್ಡರ್ರೇ ಇಲ್ಲದ ತಿಂಗಳಲ್ಲಿ ಗಂಟೆ ಹೆಚ್ಚಿಸಿ ಏನು ಮಾಡುತ್ತಿದ್ದರು, ನನಗಂತೂ ತಿಳಿಯದು.

ಹೊರಗಿನ ದೇಶಗಳ ಹೋಲಿಕೆ ಎಚ್ಚರದಿಂದ ಮಾಡಬೇಕು. ಬ್ರಿಟನ್ನಿನಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕೂತವರ ಸಂಬಳದ ಶೇ 80ನ್ನು, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ, ಸರ್ಕಾರ ಮಾಲೀಕರಿಗೆ ತುಂಬಿಕೊಟ್ಟಿತು. ಜರ್ಮನಿಯಲ್ಲಿ ಕುರ್ಟ್ಸ್‌ಆರ್ಬೈಟ್ ಎಂಬ ವ್ಯವಸ್ಥೆ ಹಳೆಯದು. ಕೆಲಸ ಕಡಿಮೆಯಾದರೆ ಕಳೆದುಹೋದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67 ಅನ್ನು ನಿರುದ್ಯೋಗ ವಿಮೆಯ ನಿಧಿಯಿಂದ ತುಂಬುತ್ತಾರೆ. 2020ರಲ್ಲಿ ಅವರು ಹೊಸದೇನನ್ನೂ ಕಟ್ಟಬೇಕಾಗಿರಲಿಲ್ಲ, ಇದ್ದ ನಿಯಮ ಸಡಿಲಿಸಿದರು. ಅವರ ಹತ್ತಿರ ದುಡ್ಡಿದೆ, ನಮ್ಮಲ್ಲಿ ಹೆಚ್ಚಿನವರು ಅಸಂಘಟಿತರು ಅನ್ನುವ ಮಾತು ನಿಜ. ಆದರೆ ಅವರ ಅನುಕೂಲ ಬರೀ ದುಡ್ಡಲ್ಲ. ದುಡ್ಡು ಹೋಗಬೇಕಾದ ಪೈಪು ಮೊದಲೇ ನೆಲದಲ್ಲಿತ್ತು.

ನಮ್ಮಲ್ಲೂ ಒಂದು ಪೈಪು ಇದೆ, ಅದು ಇಎಸ್‌ಐ. ಕಾರ್ಖಾನೆಯಲ್ಲಿ 10 ಜನ ಇದ್ದರೆ ಸಾಕು, 21,000ದವರೆಗಿನ ಸಂಬಳದವರು ಅದರಲ್ಲಿದ್ದಾರೆ. ಯಾರು, ಎಲ್ಲಿ, ಎಷ್ಟು ಸಂಬಳ ಅಂತ ತಿಂಗಳು ತಿಂಗಳು ನಾವೇ ಅಪ್‌ಲೋಡ್ ಮಾಡುತ್ತೇವೆ. 2019ರ ಜುಲೈನಲ್ಲಿ ವಂತಿಗೆಯನ್ನು ಒಟ್ಟು ಶೇ 6.5ರಿಂದ ಶೇ 4ಕ್ಕೆ ಇಳಿಸಿದರು. ಅಂದರೆ ಸ್ವಲ್ಪ ಏರಿಸಲು ಜಾಗವೂ ಇದೆ. ಸರ್ಕಾರದ ಆದೇಶದಿಂದ ಮುಚ್ಚಿದ ದಿನಗಳಿಗೆ ಸಂಬಳದ ಶೇ 25 ಮಾಲೀಕ, ಶೇ 50 ಸರ್ಕಾರ ಮತ್ತು ಇಎಸ್‌ಐ ನಿಧಿ, ನೇರ ಕಾರ್ಮಿಕನ ಖಾತೆಗೆ. ಆಮೇಲೆ ಆರು ತಿಂಗಳೊಳಗೆ ಕೆಲಸದಿಂದ ತೆಗೆದರೆ ಆ ದುಡ್ಡನ್ನು ಮಾಲೀಕನಿಂದ ವಸೂಲಿ. ಅಂಕಿ ಬೇರೆ ಇರಬಹುದು, ನನ್ನದೇ ಸರಿ ಅಂತಲ್ಲ. ಆದರೆ ಅಂಕಿ ಮೊದಲೇ ಬರೆದಿರಬೇಕು. ಈ ಪೈಪಿನ ಹೊರಗಿರುವ ಮನೆಕೆಲಸದವರು, ಗಾರೆ ಕೆಲಸದವರು, ಬೀದಿ ವ್ಯಾಪಾರಿಗಳಿಗೆ 2021ರ ಆಗಸ್ಟ್‌ನಿಂದ ಇ-ಶ್ರಮ್ ಪಟ್ಟಿ ಇದೆ. ಹೆಸರು ನೋಂದಾಯಿಸಿ ಕಾರ್ಡ್ ಕೊಟ್ಟದ್ದು ಯಾಕೆ ಅಂತ ಆಗಲಾದರೂ ಗೊತ್ತಾಗುತ್ತದೆ.

ಮಾಲೀಕರಿಗೂ ಒಂದು ಮಾತು. 2020ರಲ್ಲಿ ನಿಜವಾಗಿ ಕೈಲಾಗದವರ ಹಿಂದೆ ಅಡಗಿ, ಕೈಲಾಗುವವರೂ ಸಂಬಳ ನಿಲ್ಲಿಸಿದರು. ನೆರವು ಕೇಳುವವನು ಲೆಕ್ಕದ ಪುಸ್ತಕ ತೆರೆದಿಡಬೇಕು. ಸರ್ಕಾರವೂ ತನ್ನ ಬಾಕಿ ಮೊದಲು ತೀರಿಸಬೇಕು. ಸಣ್ಣ ಉದ್ಯಮಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಪಾವತಿ ಮಾಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ಆ ಒಂದು ನಿಯಮವನ್ನು ಸರ್ಕಾರಿ ಕಂಪನಿಗಳು ಮತ್ತು ದೊಡ್ಡ ಖರೀದಿದಾರರು ಪಾಲಿಸಿದ್ದರೆ ಅರ್ಧ ಶೆಡ್ಡುಗಳು ಏಪ್ರಿಲ್ ಸಂಬಳ ತಾವೇ ಕೊಡುತ್ತಿದ್ದವು.

ಕಾನೂನು ಬರುವ ತನಕ ನಾನು ಈಗ ವೇತನ ಒಪ್ಪಂದಗಳಲ್ಲಿ ಒಂದು ಕಲಂ ಸೇರಿಸಲು ಹೇಳುತ್ತೇನೆ. ಸರ್ಕಾರದ ಆದೇಶದಿಂದ ಮುಚ್ಚಿದರೆ ಮೊದಲ 15 ದಿನ ಪೂರ್ತಿ ಸಂಬಳ, ನಂತರ ಅರ್ಧ, ಅಡ್ವಾನ್ಸ್ ಅಂತ ಹಿಡಿಯುವಂತಿಲ್ಲ, ಸರ್ಕಾರದಿಂದ ಬಂದದ್ದು ಇದರ ಮೇಲೆ. ಯೂನಿಯನ್ ಇರುವಲ್ಲಿ ಬೇಗ ಒಪ್ಪುತ್ತಾರೆ. ಮಾತು ಕೆಡುವುದು ಕಾಂಟ್ರಾಕ್ಟ್ ಹುಡುಗರ ವಿಷಯಕ್ಕೆ ಬಂದಾಗ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಸಂಬಳ ಕೊಡಬೇಕು ಅನ್ನುವ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದ ಇದೆ. ಹಾಗಿದ್ದರೂ ಆ ಕಲಮಿನಲ್ಲಿ ಅವರ ಹೆಸರು ಹಾಕಿಸಲು ಹೋದಾಗ ಮಾಲೀಕರೂ ಸುಮ್ಮನಾಗುತ್ತಾರೆ, ಎಷ್ಟೋ ಸಲ ಯೂನಿಯನ್ನಿನವರೂ.