ಎಲ್ಕ್ ಬೇಟೆಗೆ ಯಾವ ತೋಟೆ?

ಅಮೆರಿಕದ ಕೊಲೊರಾಡೊದಲ್ಲಿ ರೈಫಲ್ ಬೇಟೆಯ ಸೀಸನ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ಬೇಸಿಗೆಯಿಂದಲೇ ನಮ್ಮ ಶೂಟಿಂಗ್ ರೇಂಜಿಗೆ ಬರುವವರ ಪ್ರಶ್ನೆ ಒಂದೇ: ಎಲ್ಕ್‌ಗೆ .300 ಮ್ಯಾಗ್ನಮ್‌ನಂಥ ಹೆಚ್ಚು ಮದ್ದಿನ ತೋಟೆ ಬೇಕೇ ಬೇಕಾ?

ಹೆಚ್ಚಿನವರಿಗೆ ಬೇಡ.

ಸಣ್ಣ ತೋಟೆ ಸಾಲದೆಂಬ ಅವರ ಅಂಜಿಕೆ ಸುಳ್ಳಲ್ಲ. ಎಲ್ಕ್ ನಮ್ಮ ಕಡವೆಯಂಥ ದೊಡ್ಡ ಜಿಂಕೆ. ಗಂಡು ಸುಮಾರು 320 ಕಿಲೊ ತೂಗುತ್ತದೆ. ಶ್ವಾಸಕೋಶಕ್ಕೆ ಗುಂಡು ಬಿದ್ದ ಮೇಲೂ ನೂರು ಗಜ ಓಡಿ ಕಣಿವೆಗೆ ಇಳಿದುಬಿಡಬಹುದು. ಆದರೆ ಎಂಟು ಪೌಂಡ್ ತೂಕದ ರೈಫಲ್‌ನಲ್ಲಿ .30-06 ಎಂಬ ಸಾಮಾನ್ಯ ತೋಟೆಯ ಒದೆತವೇ ಸುಮಾರು 20 ಫುಟ್-ಪೌಂಡ್ (ಶಕ್ತಿಯ ಅಳತೆ). .300 ವಿಂಚೆಸ್ಟರ್ ಮ್ಯಾಗ್ನಮ್ 25 ದಾಟುತ್ತದೆ. ಆ ಏಟು ನಾಲ್ಕು ಸಲ ತಿಂದವರಿಗೆ ಐದನೇ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ನಾನು ನಡುವೆ ಸದ್ದಿಲ್ಲದೆ ಒಂದು ಡಮ್ಮಿ (ಸಿಡಿಯದ) ತೋಟೆ ಹಾಕಿ ಕೊಡುತ್ತೇನೆ. ‘ಟಿಕ್’ ಅಂದ ಕ್ಷಣ ನಳಿಗೆ ಕುಣಿದರೆ ಒದೆತಕ್ಕೆ ಹೆದರಿದ್ದಾರೆ ಅಂತಲೇ; ಆ ತೋಟೆ ಅವರದಲ್ಲ. ವಾದವೇ ಬೇಡ.

ಇಲ್ಲಿನ ಕಾನೂನು ಕೇಳುವುದು ಕಮ್ಮಿ: ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ಅಡ್ಡಳತೆ), 85 ಗ್ರೇನ್ (ಗುಂಡಿನ ತೂಕದ ಅಳತೆ) ತೂಕದ, ತಗಲಿದಾಗ ಅರಳುವ ಗುಂಡು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ. ಅನುಭವಿಗಳು ಪ್ರಾಣಿಗೆ ತಗಲುವಾಗ 1,500 ಇರಲಿ ಅನ್ನುತ್ತಾರೆ. 1925ರಲ್ಲಿ ಬಂದ .270 ವಿಂಚೆಸ್ಟರ್ ಮತ್ತು 1906ರ .30-06 ಎರಡೂ 300 ಗಜದಲ್ಲಿ ಅದನ್ನು ಆರಾಮಾಗಿ ದಾಟುತ್ತವೆ. ಇವಕ್ಕಿಂತ ಸಣ್ಣ ಗುಂಡಿನ 6.5 ಕ್ರೀಡ್‌ಮೂರ್ ಕೂಡ ದಾಟುತ್ತದೆ. ಆದರೆ ಅದರಲ್ಲಿ ಪ್ರಾಣಿ ಅಡ್ಡವಾಗಿ ನಿಲ್ಲುವವರೆಗೆ ಕಾಯುವ ತಾಳ್ಮೆ ಬೇಕು.

ದುಡ್ಡು ಹಾಕಬೇಕಾದ್ದು ತೋಟೆಯ ತುದಿಯಲ್ಲಿರುವ ಗುಂಡಿಗೆ. 1946ರಲ್ಲಿ ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್ ಕೆನಡಾದಲ್ಲಿ ಮೂಸ್ (ಎಲ್ಕ್‌ಗಿಂತ ದೊಡ್ಡ ಜಿಂಕೆ) ಒಂದಕ್ಕೆ ಹೊಡೆದ ಗುಂಡುಗಳು ಒಳಗೆ ಆಳಕ್ಕೆ ಇಳಿಯಲೇ ಇಲ್ಲ. ಕೈಯಲ್ಲಿದ್ದದ್ದು .300 ಮ್ಯಾಗ್ನಮ್ಮೇ, ನೋಡಿ! ಆಮೇಲೆ ಅವರು ನಡುವೆ ತಾಮ್ರದ ಗೋಡೆ ಇಟ್ಟು, ಹಿಂದೆ ಮುಂದೆ ಸೀಸ ತುಂಬಿದ ಪಾರ್ಟಿಷನ್ ಗುಂಡು ಮಾಡಿದರು. ಮುಂಭಾಗ ಅರಳುತ್ತದೆ, ಹಿಂಭಾಗ ಗಟ್ಟಿಯಾಗಿ ಉಳಿದು ಒಳಕ್ಕೆ ನುಗ್ಗುತ್ತದೆ. ಎಲ್ಕ್‌ನ ಭುಜದ ಮೂಳೆಗೆ ಬೇಕಾದ್ದು ಇದೇ. ಬಿಳಿಬಾಲದ ಜಿಂಕೆಗೆಂದು ಮಾಡಿದ ತೆಳು ಕವಚದ ಗುಂಡು ಆ ಮೂಳೆಯ ಮೇಲೇ ಪುಡಿಯಾಗಬಹುದು.

ಈಗ ಪೂರ್ತಿ ತಾಮ್ರದ ಗುಂಡುಗಳೂ ಸಿಗುತ್ತವೆ. ತೂಕ ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಹಾಗಾಗಿ .30-06ರಲ್ಲಿ 180 ಗ್ರೇನ್ ಬದಲು 165 ಸಾಕು, ಒದೆತವೂ ಕಮ್ಮಿ. ಮಾಂಸದಲ್ಲಿ ಸೀಸದ ಚೂರು ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2019ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ.

ಮನೆಯಲ್ಲಿ ಆಗಲೇ .270 ಅಥವಾ .30-06 ಇದ್ದರೆ ಸುಮ್ನೆ ಹೊಸ ರೈಫಲ್ ಕೊಳ್ಳಬೇಡಿ. ಒಂದೇ ಲಾಟ್ ನಂಬರಿನ (ಒಂದೇ ಸಲ ತಯಾರಾದ) ಮೂರ್ನಾಲ್ಕು ಬಾಕ್ಸ್ ತೋಟೆ ತನ್ನಿ. ರೈಫಲ್ ಆನಿಸುವ ಬೆಂಚ್ ಬಿಟ್ಟು, ನೆಲದ ಮೇಲೆ ಕೂತು, ಮಂಡಿಯೂರಿ ಹೊಡೆದು ನೋಡಿ. ವಿಮಾನದಲ್ಲಿ ಬರುವಾಗ ತೋಟೆಯ ಬ್ಯಾಗ್ ಕಳೆದುಹೋದರೂ, ಬೆಟ್ಟದ ಬುಡದ ಸಣ್ಣ ಅಂಗಡಿಯಲ್ಲಿ .30-06 ಸಿಗುವ ಸಾಧ್ಯತೆ ಜಾಸ್ತಿ. ಗುಂಡಿನ ತೂಕ ಬದಲಾದರೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಮಾತ್ರ ಮತ್ತೆ ಸರಿಮಾಡಿಕೊಳ್ಳಿ.