ನೆಗೆಟಿವ್ ಸರಿ, ಆದರೆ ರಕ್ತ ತೆಗೆದದ್ದು ಯಾವಾಗ?

ಹಸು ಕೊಳ್ಳಲು ಹೋದವರು ಎಷ್ಟನೇ ಸೂಲು, ಎಷ್ಟು ಲೀಟರ್ ಹಾಲು ಎಂದು ತಪ್ಪದೆ ವಿಚಾರಿಸುತ್ತಾರೆ. ಈಚೆಗೆ ಕೆಲವರು ಕಂದು ರೋಗದ, ಅಂದರೆ ಹಸು ಕಂದು ಹಾಕುವಂತೆ (ಗರ್ಭ ಇಳಿಯುವಂತೆ) ಮಾಡುವ ಬ್ರೂಸೆಲ್ಲೋಸಿಸ್‌ನ ಪರೀಕ್ಷೆಯ ಚೀಟಿಯನ್ನೂ ಕೇಳುತ್ತಿದ್ದಾರೆ. ಒಳ್ಳೆಯದೇ. ಆದರೆ ‘ನೆಗೆಟಿವ್’ ಎಂಬುದೊಂದನ್ನು ಓದಿ ಚೀಟಿ ಮಡಚಿಬಿಡುತ್ತಾರೆ. ರಕ್ತ ತೆಗೆದ ದಿನ, ಕರು ಹಾಕಿದ ದಿನ, ಲಸಿಕೆಯ ವಿವರ ಇಲ್ಲದ ಚೀಟಿಯನ್ನು ನಾನು ಅರ್ಧ ಚೀಟಿಯೆಂದೇ ಎಣಿಸುತ್ತೇನೆ.

ಈ ರೋಗಕ್ಕೆ ಮಾಡುವ ರೋಸ್ ಬೆಂಗಾಲ್ ಎಂಬ ರಕ್ತ ಪರೀಕ್ಷೆ ನೋಡಲು ಬಹಳ ಸರಳ. ಬಿಳಿ ತಟ್ಟೆಯ ಮೇಲೆ ಹಸುವಿನ ಸೀರಂನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯ) ಒಂದು ಹನಿ, ಪಕ್ಕದಲ್ಲಿ ಅಷ್ಟೇ ಗುಲಾಬಿ ಬಣ್ಣದ ಆಂಟಿಜೆನ್, ಅಂದರೆ ಸತ್ತ ರೋಗಾಣುಗಳ ದ್ರಾವಣ. ಎರಡನ್ನೂ ಬೆರೆಸಿ ನಾಲ್ಕು ನಿಮಿಷ ತಟ್ಟೆಯನ್ನು ಮೆಲ್ಲಗೆ ಅಲುಗಾಡಿಸಬೇಕು. ಹನಿ ರವೆರವೆಯಾಗಿ ಒಡೆದರೆ ಪಾಸಿಟಿವ್. ಫ್ರಿಜ್‌ನಿಂದ ತೆಗೆದ ಆಂಟಿಜೆನ್ ಕೋಣೆಯ ಬಿಸಿಗೆ ಬರುವ ಮೊದಲೇ ಹಾಕುವುದು, ಐದಾರು ನಿಮಿಷ ಬಿಟ್ಟು ಅಂಚು ಒಣಗಿದ ಮೇಲೆ ನೋಡುವುದು, ಇವೆರಡೂ ಫಲಿತಾಂಶ ಕೆಡಿಸುತ್ತವೆ.

ಇದಕ್ಕಿಂತ ದೊಡ್ಡ ತೊಡಕು ಹಸುವಿನ ದೇಹದಲ್ಲೇ ಇದೆ. ಈ ರೋಗದಲ್ಲಿ ಗರ್ಭ ಇಳಿಯುವುದು ಹೆಚ್ಚಾಗಿ ಐದನೇ ತಿಂಗಳು ದಾಟಿದ ಮೇಲೆ. ಪರೀಕ್ಷೆ ಹಿಡಿಯುವುದು ಪ್ರತಿಕಾಯವನ್ನು, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ವಸ್ತುವನ್ನು. ಗರ್ಭ ಇಳಿಯುವ ಆಸುಪಾಸಿನಲ್ಲಿ ರಕ್ತದಲ್ಲಿ ಅದು ಕಡಿಮೆಯಿದ್ದು, ಸೋಂಕಿತ ಹಸುವೂ ನೆಗೆಟಿವ್ ಬರಬಹುದು. ಆದ್ದರಿಂದ ಕಂದು ಹಾಕಿದ ದಿನದ ನೆಗೆಟಿವ್ ಅನ್ನು ನಾನು ನೆಚ್ಚುವುದಿಲ್ಲ. ಮೂರು ವಾರ ಬಿಟ್ಟು ಮತ್ತೆ ರಕ್ತ ತೆಗೆಯುತ್ತೇನೆ. ಅಷ್ಟರವರೆಗೆ ಹಸು ಬೇರೆ ಕಟ್ಟಿರಬೇಕು. ಬಿದ್ದ ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬಾರದು, ತಿಪ್ಪೆಗೆ ಎಸೆಯಲೂ ಬಾರದು. ಮನುಷ್ಯರಿಗೆ ವಾರಗಟ್ಟಲೆ ಬಿಡದ ಜ್ವರ, ಕೀಲುನೋವು ತರುವ ರೋಗಾಣು ಇದು.

ಲಸಿಕೆಯ ಲೆಕ್ಕ ತಿರುಗುಮುರುಗು: ಇಲ್ಲಿ ರೋಗವಿಲ್ಲದ ಹಸುವೂ ಪಾಸಿಟಿವ್ ಬರಬಹುದು. ಈ ರೋಗ ತಡೆಯಲು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಮಾತ್ರ ಹಾಕುವುದು ಎಸ್-19 ಎಂಬ ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ಜೀವಂತ ರೋಗಾಣುವಿನದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತವಾಗಿ ಹಾಕುತ್ತಾರೆ. ಲಸಿಕೆಯ ಪ್ರತಿಕಾಯವೂ ಸೋಂಕಿನ ಪ್ರತಿಕಾಯದಂತೆಯೇ ತಟ್ಟೆಯ ಮೇಲೆ ಗಂಟು ಕಟ್ಟುತ್ತದೆ. ಕಿವಿಯೋಲೆಯ ಸಂಖ್ಯೆ ಹಿಡಿದು ಲಸಿಕೆಯ ದಾಖಲೆ ನೋಡದೆ ಪಡ್ಡೆಯೊಂದನ್ನು ರೋಗಿಷ್ಟವೆಂದು ಸಾರುವುದು ಅನ್ಯಾಯ. ಪಾಸಿಟಿವ್ ಬಂದರೆ ಎಲೈಸಾದಂತಹ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಖಚಿತವಾದ ಮೇಲೆ ಗುಟ್ಟಾಗಿ ಸಂತೆಗೆ ಹೊಡೆಯುವವರಿದ್ದಾರೆ. ಪಕ್ಕದ ಊರಿನ ಕೊಟ್ಟಿಗೆಗೆ ರೋಗ ಹೋಗುವ ದಾರಿಯೇ ಅದು.

ಡೇರಿಯ ಕ್ಯಾನಿನ ಹಾಲಿನಲ್ಲಿ ಮಾಡುವ ರಿಂಗ್ ಪರೀಕ್ಷೆ ಊರಿನಲ್ಲಿ ರೋಗದ ಸುಳಿವು ಹಿಡಿಯಲು ಅಗ್ಗದ ದಾರಿ. ಯಾವ ಹಸು ಎಂದು ಅದು ಹೇಳದು. ಗಿಣ್ಣು ಹಾಲು, ಕೆಚ್ಚಲುಬಾವಿನ ಹಾಲು ಸೇರಿದರೆ ಸುಳ್ಳೂ ಹೇಳುತ್ತದೆ.

ಸೋಂಕಿತ ತಾಯಿಯ ಹೆಣ್ಣುಗರುಗಳಲ್ಲಿ ಕೆಲವು ಚೊಚ್ಚಲ ಸೂಲಿನವರೆಗೂ ನೆಗೆಟಿವ್ ಬರುತ್ತಾ ಹೋಗಿ, ಆಮೇಲೆ ಒಮ್ಮೆಲೇ ರೋಗ ತೋರಿಸುತ್ತವೆ. ಅಂಥದನ್ನು ಸಾಕಿಕೊಳ್ಳಲೇಬೇಕೆಂದರೆ ಮೊದಲ ಹೆರಿಗೆ ಬೇರೆ ಜಾಗದಲ್ಲಿ ಆಗಲಿ. ಮೂರು ವಾರದ ನಂತರದ ರಕ್ತ ಪರೀಕ್ಷೆ ಮುಗಿಯುವವರೆಗೆ ಉಳಿದ ದನಗಳ ಸಾಲಿಗೆ ಕಟ್ಟಬೇಡಿ.