ಆಪ್ಟಿಮಸ್ ಪ್ರೈಮ್‌ಗೆ ಕಲ್ಲಿದ್ದಲು ಸಾಕಾಗುತ್ತಾ?

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ಸ್ ಕಥೆಯನ್ನು ವಿಕ್ಟೋರಿಯಾ ರಾಣಿಯ ಕಾಲಕ್ಕೆ ಒಯ್ದರೆ ಲಾರಿಯಾಗಿ ರೂಪ ಬದಲಿಸುವ ರೋಬೋ ಆಪ್ಟಿಮಸ್ ಪ್ರೈಮ್ ಏನಾಗುತ್ತಾನೆ? ಅಷ್ಟು ದೊಡ್ಡ ರೋಬೋ ಉಗಿಯಿಂದ ನಡೆಯುತ್ತಾ?

ಮತ್ತೆ ಇದೇ ಪ್ರಶ್ನೆ! ಮೊದಲ ಭಾಗ ಸುಲಭ. ಆಗ ಲಾರಿ ಎಲ್ಲಿತ್ತು? ರೈಲು ಎಂಜಿನ್ ಆಗುತ್ತಾನೆ. 2006ರ 'ಹಾರ್ಟ್ಸ್ ಆಫ್ ಸ್ಟೀಲ್' ಕಾಮಿಕ್ಸ್ ಈ ರೋಬೋಗಳನ್ನು 19ನೇ ಶತಮಾನದ ಅಮೆರಿಕಕ್ಕೆ ಇಳಿಸಿದ್ದೂ ಆಗಿದೆ.

ಎರಡನೇ ಭಾಗದ ಹಿಂದೆ ಒಂದು ಹಟಮಾರಿ ನಂಬಿಕೆ ಇದೆ: ಉಗಿಗೆ ಅಷ್ಟು ಬಲ ಇಲ್ಲ ಅನ್ನೋದು. ಅಲ್ಲ ಸ್ವಾಮಿ, ಬಲಕ್ಕೇನೂ ಕೊರತೆ ಇರಲಿಲ್ಲ. 1894ರಲ್ಲಿ ತೆರೆದ ಲಂಡನ್ನಿನ ಟವರ್ ಬ್ರಿಡ್ಜ್ ನೋಡಿ. ಹಡಗು ಬಂದರೆ ಮೇಲೇಳುವ ಅದರ ಎರಡು ಅಂಕಣಗಳು ಒಂದೊಂದೂ ಸಾವಿರ ಟನ್ನಿಗಿಂತ ಜಾಸ್ತಿ. ಉಗಿ ಎಂಜಿನ್ ನೀರನ್ನು ಪಂಪ್ ಮಾಡಿ ಭಾರೀ ತೂಕದ ಕೆಳಗೆ ಒತ್ತಿ ಇಡುತ್ತಿತ್ತು. ಬೇಕಾದಾಗ ಆ ಒತ್ತಡದ ನೀರೇ ಸೇತುವೆ ಎತ್ತುತ್ತಿತ್ತು. ಇನ್ನೊಂದು ತುದಿಯಲ್ಲಿ ಸರಿತೂಕ ಇತ್ತು, ನಿಜ. ರೋಬೋನ ತೋಳಿಗೂ ಒಂದು ಸರಿತೂಕ ಕೊಡಿ, ಯಾರು ಬೇಡ ಅಂದರು? ಉಗಿ ರೋಬೋಗಳ ಚಿತ್ರ ಬರೆದು ಮೈತುಂಬ ಹಲ್ಲುಚಕ್ರ ಅಂಟಿಸುವವರು ಈ ನೀರಿನ ಕೊಳವೆಗಳನ್ನು ಮರೆಯುತ್ತಾರೆ.

ಹಿಡಿತವೂ ಇತ್ತು. 1866ರ ಹೊತ್ತಿಗೆ ಎಂಜಿನಿಯರ್ ಮ್ಯಾಕ್‌ಫರ್ಲೇನ್ ಗ್ರೇ 'ಗ್ರೇಟ್ ಈಸ್ಟರ್ನ್' ಹಡಗಿಗೆ ಉಗಿಯ ಚುಕ್ಕಾಣಿ ಯಂತ್ರ ಮಾಡಿದ್ದರು. ನಾವಿಕ ಚಕ್ರ ಎಷ್ಟು ತಿರುಗಿಸಿದನೋ ಚುಕ್ಕಾಣಿ ಅಷ್ಟೇ ತಿರುಗಿ, ಕವಾಟ ತಾನೇ ಮುಚ್ಚಿಕೊಳ್ಳುತ್ತಿತ್ತು. ರೋಬೋನ ಮೊಣಕೈಗೆ ಬೇಕಾದದ್ದೂ ಇದೇ ಅಲ್ವಾ?

ನಿಜವಾದ ತೊಂದರೆ ರೂಪ ಬದಲಿಸುವಾಗ ಬರುತ್ತದೆ. ಇದನ್ನು ಯಾರೂ ಕೇಳಲ್ಲ! ರೈಲಿನ ಬಾಯ್ಲರ್ ಮಲಗಿಕೊಂಡಿರುತ್ತದೆ. ಬೆಂಕಿಗೂಡಿನ ನೆತ್ತಿಯ ತಗಡನ್ನೂ ಬಿಸಿಗಾಳಿಯ ಕೊಳವೆಗಳನ್ನೂ ಸದಾ ನೀರು ಮುಚ್ಚಿರಬೇಕು. ಆಪ್ಟಿಮಸ್ ಎದ್ದು ನಿಂತರೆ ನೀರೆಲ್ಲ ಒಂದು ತುದಿಗೆ ಇಳಿಯುತ್ತದೆ. ಬೆಂಕಿಗೂಡು ಮೇಲಿನ ತುದಿಗೆ ಬಂತೋ, ಕೆಟ್ಟ. ನೀರು ಬಿಟ್ಟ ತಗಡು ಕೆಂಪಗೆ ಕಾದು ಮೆತ್ತಗಾಗಿ, ಒತ್ತಡಕ್ಕೆ ಸೀಳಿಹೋಗುತ್ತದೆ. ಶತ್ರು ಬೇಕಾಗಿಯೇ ಇಲ್ಲ.

ನೆಟ್ಟಗೆ ನಿಂತ ಬಾಯ್ಲರ್ ಹಾಕಬಹುದು. 1868ರಲ್ಲಿ ಅಮೆರಿಕದ ನ್ಯೂಯಾರ್ಕ್ ಬಳಿಯ ನ್ಯೂವಾರ್ಕ್‌ನಲ್ಲಿ ಝಾಡಾಕ್ ಡೆಡ್ರಿಕ್ ಮಾಡಿದ ಉಗಿಮನುಷ್ಯನಿಗೆ ಹೊಟ್ಟೆಯೇ ಬಾಯ್ಲರ್, ಟೋಪಿಯೇ ಚಿಮಣಿ. ಬೀಳದಂತೆ ಗಾಡಿಗೆ ಕಟ್ಟಿದ್ದರು. ಆದರೆ ಅವನು ಮಲಗಿ ರೈಲಾಗುವ ಹಾಗಿಲ್ಲ.

ಹಾಗಾದರೆ ಮಲಗಿದ ಬಾಯ್ಲರ್‌ಗೆ ಒಪ್ಪುವ ಮೈ ಯಾವುದು? ನಾಲ್ಕು ಕಾಲಿನದು. 1880ರಲ್ಲೇ ಜೂಲ್ಸ್ ವರ್ನ್ ತನ್ನ ಕಾದಂಬರಿಯಲ್ಲಿ ಉತ್ತರ ಭಾರತದ ಉದ್ದಕ್ಕೂ ಉಕ್ಕಿನ ಆನೆ ಓಡಿಸಿದ್ದ. ಒಳಗೆ ಉಗಿ ಎಂಜಿನ್, ಸೊಂಡಿಲಿನಲ್ಲಿ ಹೊಗೆ, ಹಿಂದೆ ಎಳೆದುಕೊಂಡು ಹೋಗಲು ಎರಡು ಮನೆ. ಆಪ್ಟಿಮಸ್‌ಗೂ ಆನೆಯ ಮೈಯನ್ನೇ ಕೊಡಿ. ಬಾಯ್ಲರ್ ಮಲಗಿದಂತೆಯೇ ಇರುತ್ತದೆ, ಬದಲಾಗಬೇಕಾದದ್ದು ಕಾಲು ಮತ್ತು ಸೊಂಡಿಲು ಮಾತ್ರ.